ಹಳೆಯ ಧ್ವನಿಮುದ್ರಿಕೆಗಳೂ ಶುದ್ಧಪಾಠವೂ

ಕಾವ್ಯಕ್ಕೆ ಓಲೆಯೂ ಶಿಲ್ಪಕ್ಕೆ ಕಲ್ಲೂ ಆಶ್ರಯವಾಗಿರುವಂತೆ ಸಂಗೀತಕ್ಕೆ ಬಹುಕಾಲ ಆಶ್ರಯವಾಗಿದ್ದುದು ಶಿಷ್ಯನ ಕಂಠವೊಂದೇ. ಭಾರತದಲ್ಲಿ ಈ ಸ್ಥಿತಿಯು ಬದಲಾದುದು 1902ರ ನವೆಂಬರಿನಲ್ಲಿ. ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಎಂಬವರು ಆಗ ಗೌಹರ್ ಜಾನ್ ಅವರ ಗಾನವನ್ನು ಮುದ್ರಿಸಿಕೊಂಡರು. ಹಾಡು ಮುಗಿದೊಡನೆ ಗಾಯಕಿಯು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುವುದು ಇಂದಿಗೂ ಕೇಳಿಸುತ್ತದೆ. ಓಲೆಯ ಗ್ರಂಥದ ಕೊನೆಯಲ್ಲಿ ಬರುವ ಸಮಾಪ್ತಿವಾಕ್ಯದಂತೆ ಅದು ಮುದ್ರಿಕೆಯ ಗುರುತು. ಗೌಹರ್ ಜಾನ್ ಅವರು 1928ರಲ್ಲಿ ಮೈಸೂರಿನ ಆಸ್ಥಾನವನ್ನು ಸೇರಿ 1930ರಲ್ಲಿ ಆ ನಗರದಲ್ಲಿಯೇ ಕಾಲವಾದರು. ಅವರ ಕಂಠವು ಅರಗಿನ ತಟ್ಟೆಗಳಲ್ಲಿ ಉಳಿದಿದೆ.

ಇಂಥ ತಟ್ಟೆಗಳಲ್ಲಿಯೂ, ಅವುಗಳ ಅನಂತರ ಬಂದ ವಿನೈಲ್ ರೆಕಾರ್ಡುಗಳಲ್ಲಿಯೂ, ಅವನ್ನು ನುಡಿಸುವ ಹಳೆಯ ಯಂತ್ರಗಳಲ್ಲಿಯೂ ಈಚೆಗೆ ಆದರವು ಮತ್ತೆ ಬೆಳೆದಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4 ಕೋಟಿ 10 ಲಕ್ಷ ವಿನೈಲ್ ರೆಕಾರ್ಡುಗಳು ಮಾರಾಟವಾಗಿ, 1987ರಿಂದೀಚೆಗೆ ಮೊದಲನೆಯ ಬಾರಿಗೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿದುವು. 1954ರ ಗ್ಯಾರಾರ್ಡ್ 301 ಟರ್ನ್‌ಟೇಬಲ್, 1957ರ ಕ್ವಾಡ್ ಸ್ಪೀಕರು ಮೊದಲಾದವುಗಳನ್ನು ರಸಿಕರು ಹುಡುಕಿ ದುರಸ್ತಿಮಾಡಿಸಿಕೊಳ್ಳುತ್ತಿದ್ದಾರೆ. ಈ ಆದರವು ಸ್ತುತ್ಯವಾದುದೇ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಕಾರಣ, ಎಂದರೆ ಹಳೆಯ ಸಾಧನದಲ್ಲಿಯೇ ನಿಜವಾದ ನಾದವಿದೆಯೆಂಬ ವಾದವು, ವಿಚಾರಣೆಗೆ ನಿಲ್ಲತಕ್ಕುದೆ ಎಂಬುದನ್ನು ನೋಡಬೇಕಾಗಿದೆ.

ದೀರ್ಘಕಾಲ ನುಡಿಯುವ ವಿನೈಲ್ ರೆಕಾರ್ಡು 1948ರಲ್ಲಿ ಬಳಕೆಗೆ ಬಂದಿತು. ಅದು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಸುತ್ತಿನ ವೇಗವು ಒಂದೇ ಆದರೂ ಮುಳ್ಳಿನ ಕೆಳಗೆ ಗೀರು ಸಾಗುವ ವೇಗವು ಒಂದೇ ಅಲ್ಲ. ಹನ್ನೆರಡು ಅಂಗುಲದ ರೆಕಾರ್ಡಿನ ಹೊರಅಂಚಿನಲ್ಲಿ ಅದು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರು. ಒಳಅಂಚಿನಲ್ಲಿ ಸುಮಾರು 21 ಮಾತ್ರ. ಆದುದರಿಂದ ಒಳಗಿನ ಗೀರುಗಳಲ್ಲಿ ಸೂಕ್ಷ್ಮವಾದ ನಾದವು ಇಕ್ಕಟ್ಟಿಗೆ ಸಿಕ್ಕಿ ಕದಡುತ್ತದೆ. ಖಯಾಲಿನಲ್ಲಿ ವಿಲಂಬಿತವು ಮೊದಲು, ದ್ರುತವು ಕೊನೆಗೆ. ಒಂದು ರಾಗವು ಒಂದೇ ಮಗ್ಗುಲನ್ನು ತುಂಬಿರುವಲ್ಲಿ ತಾನುಗಳು ಅತ್ಯಂತ ವೇಗವಾಗಿ ಬರುವ ಭಾಗವು ರೆಕಾರ್ಡಿನ ಅತ್ಯಂತ ದುರ್ಬಲವಾದ ಸ್ಥಾನಕ್ಕೇ ಬೀಳುತ್ತದೆ. ಸದ್ದಿನ ಏರಿಳಿತದ ವ್ಯಾಪ್ತಿಯಲ್ಲಿಯೂ ವಿನೈಲು 1982ರಲ್ಲಿ ಬಂದ ಸಿ.ಡಿ.ಗೆ ಸಮನಲ್ಲ. ವಾಲ್ವಿನ ಯಂತ್ರಗಳ ಇಂಪಾದರೋ ಬಹುಮಟ್ಟಿಗೆ ವಾಲ್ವುಗಳು ತಾವೇ ಕೂಡಿಸುವ ಉಪಸ್ವರಗಳಿಂದ ಬಂದುದು. ಅದು ಮಧುರವಾಗಿರಬಹುದು, ಆದರೆ ಆ ಮಾಧುರ್ಯವು ಯಂತ್ರದ್ದು, ಗಾಯಕನದಲ್ಲ. ಹೀಗೆ ಹಳೆಯದೇ ಶುದ್ಧವೆಂಬ ವಾದವು ನಿಲ್ಲುವುದಿಲ್ಲ.

ಹಾಗಾದರೆ ಹಳೆಯ ತಟ್ಟೆಗಳ ಬೆಲೆ ಎಲ್ಲಿದೆ? ಅವು ಮೂಲಪ್ರತಿಗಳಾಗಿರುವುದರಲ್ಲಿದೆ. ಮೂಲಪ್ರತಿಯನ್ನು ಪೂಜಿಸುವುದು ಬೇರೆ, ಓದುವುದು ಬೇರೆ. ಓಲೆಯನ್ನು ಓದುವವನಿಗೆ ಲಿಪಿಯ ಪರಿಚಯವೂ ಲಿಪಿಕಾರನ ಸ್ಖಾಲಿತ್ಯಗಳ ಅರಿವೂ ಬೇಕಾಗುವಂತೆ, ತಟ್ಟೆಯನ್ನು ಕೇಳುವವನಿಗೆ ಅದರ ವೇಗ, ಗೀರು, ಮುದ್ರಣಕ್ರಮಗಳ ಜ್ಞಾನವಿರಬೇಕು.

ಇವುಗಳಲ್ಲಿ ಮುಖ್ಯವಾದುದು ವೇಗ. ಹಳೆಯ ತಟ್ಟೆಗಳನ್ನೆಲ್ಲ 78 ಸುತ್ತಿನವೆಂದು ಕರೆಯುವ ರೂಢಿಯಿದ್ದರೂ ಮೊದಮೊದಲಿನ ಮುದ್ರಿಕೆಗಳ ವೇಗವು ಸುಮಾರು 70ರಿಂದ 80ರವರೆಗೆ ವ್ಯತ್ಯಾಸವಾಗುತ್ತಿದ್ದಿತು. 74 ಸುತ್ತಿನಲ್ಲಿ ಮುದ್ರಿತವಾದುದನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಹೆಚ್ಚುಕಡಮೆ ಒಂದು ಸ್ವರಸ್ಥಾನದಷ್ಟು ಏರುತ್ತದೆ. ಲಯವೂ ನೂರಕ್ಕೆ ಐದರಷ್ಟು ಚುರುಕಾಗುತ್ತದೆ. ಗಮಕವು ಅವಸರದ್ದಾಗಿ ತೋರುತ್ತದೆ. ಹಿಂದಿನ ಗಾಯಕರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರೆಂದೂ ಅವರ ಕಂಠವು ತೆಳುವಾಗಿದ್ದಿತೆಂದೂ ಇಂಥ ತಟ್ಟೆಗಳನ್ನೇ ಆಧರಿಸಿ ಹೇಳುವ ವಿಮರ್ಶಕನು ಗಾಯಕರನ್ನಲ್ಲ, ಯಂತ್ರವನ್ನು ವಿಮರ್ಶಿಸುತ್ತಿರಬಹುದು. ಹಾರ್ಮೋನಿಯಂ ಪಕ್ಕವಾದ್ಯವಾಗಿರುವಲ್ಲಿ ಅದರ ಸ್ಥಿರವಾದ ಸ್ವರಗಳನ್ನು ಹಿಡಿದು ವೇಗವನ್ನು ಊಹಿಸಬಹುದು. ಅದರಿಂದಲೂ ಒಂದು ಸ್ವರಸ್ಥಾನದ ಸಂದೇಹವು ಉಳಿಯುವುದುಂಟು. ಆಗ ಒಂದೇ ಕಾಲದಲ್ಲಿ ಮುದ್ರಿತವಾದ ಬೇರೆ ತಟ್ಟೆಗಳನ್ನು ಹೋಲಿಸಿ ನಿರ್ಣಯಿಸಬೇಕು. ಪಾಠಾಂತರಗಳನ್ನು ತೂಗಿನೋಡುವ ಗ್ರಂಥಸಂಪಾದಕನ ಕ್ರಮವೂ ಇದೇ.

ಎರಡನೆಯದು ಮುದ್ರಣದ ವಿಧಾನ. 1925ಕ್ಕೆ ಮೊದಲು ಗಾಯಕರು ತುತ್ತೂರಿಯ ಬಾಯಿಗೆ ಹಾಡುತ್ತಿದ್ದರು. ಆ ವರ್ಷದಿಂದ ಮೈಕ್ರೊಫೋನು ಬಂದಿತು. ತುತ್ತೂರಿಯು ಅತಿಮಂದ್ರವನ್ನೂ ಅತಿತಾರವನ್ನೂ ಹಿಡಿಯಲಾರದು. ಮೆಲ್ಲನೆ ನುಡಿಯುವ ತಂಬೂರಿಯು ಅದಕ್ಕೆ ಕೇಳಿಸುವುದೇ ಕಷ್ಟ. ಅಬ್ದುಲ್ ಕರೀಂ ಖಾನರು 1904-05ರಲ್ಲಿಯೂ 1930ರ ದಶಕದಲ್ಲಿಯೂ ಮುದ್ರಿಕೆಗಳನ್ನು ಕೊಟ್ಟರು. ಇವೆರಡರ ನಡುವಣ ವ್ಯತ್ಯಾಸವನ್ನೆಲ್ಲ ಅವರ ಗಾನದ ಪರಿಣತಿಯೆಂದು ಎಣಿಸುವುದು ಸರಿಯಲ್ಲ. ಅದರಲ್ಲಿ ಒಂದು ಪಾಲು ಮೈಕ್ರೊಫೋನಿನದು. ಮೇಲಾಗಿ ಆ ತಟ್ಟೆಗಳ ಒಂದೊಂದು ಮಗ್ಗುಲಿಗೆ ದೊರೆಯುತ್ತಿದ್ದುದು ಸುಮಾರು ಮೂರು ನಿಮಿಷ. ಅಷ್ಟರಿಂದಲೇ ಅವರ ರಾಗವಿಸ್ತಾರವನ್ನು ಅಳೆಯುವುದು ಮುಕ್ತಕವೊಂದನ್ನು ಓದಿ ಮಹಾಕಾವ್ಯದ ಬಂಧವನ್ನು ನಿರ್ಣಯಿಸಿದಂತೆ.

ಈ ಎಚ್ಚರದ ಅಗತ್ಯವು ಕರ್ನಾಟಕದಲ್ಲಿ ವಿಶೇಷವಾಗಿದೆ. ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರು (1913-2009). ಗಂಗೂಬಾಯಿಯವರ ಕಂಠವು ಮೊದಲು ಸಹಜವಾದ ಸ್ತ್ರೀಕಂಠವಾಗಿದ್ದು, ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಂಭೀರವೂ ಘನವೂ ಆಯಿತು. ಆ ಮೊದಲಿನ ಕಂಠಕ್ಕೆ 1930ರ ದಶಕದ ತಟ್ಟೆಗಳೇ ಸಾಕ್ಷಿ. ಅಷ್ಟು ಹೊತ್ತಿಗೆ ವೇಗವು ಬಹುಮಟ್ಟಿಗೆ 78ಕ್ಕೆ ನೆಲೆನಿಂತಿದ್ದರೂ, ಬೇಕಾಬಿಟ್ಟಿಯಾಗಿ ತೆಗೆದ ನಕಲುಗಳಲ್ಲಿ ಶ್ರುತಿಯು ಏರಿದರೆ ಎರಡು ಕಂಠಗಳ ಅಂತರವು ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದು. ಒಬ್ಬ ಮಹಾಗಾಯಕಿಯ ಕಲಾಜೀವನದ ಚರಿತ್ರೆಯೇ ಆಗ ತಪ್ಪಾಗಿ ಬರೆಯಲ್ಪಡುತ್ತದೆ.

ಹಳೆಯ ಯಂತ್ರಗಳಿಗೆ ಸಲ್ಲುವ ನಿಜವಾದ ಗೌರವವೂ ಇಲ್ಲಿಯೇ ಇದೆ. ಗ್ಯಾರಾರ್ಡ್ 301ರಲ್ಲಿ 33⅓, 45, 78 ಎಂಬ ಮೂರು ವೇಗಗಳಿವೆ. ಪ್ರತಿಯೊಂದನ್ನೂ ಸ್ವಲ್ಪ ಹೆಚ್ಚಿಸಿ ತಗ್ಗಿಸಲೂ ಬರುತ್ತದೆ. 33⅓, 45 ಎಂಬ ಎರಡೇ ವೇಗಗಳುಳ್ಳ ಈಚಿನ ಅನೇಕ ಯಂತ್ರಗಳು ಅರಗಿನ ತಟ್ಟೆಗಳಿಗೆ ನಿರುಪಯುಕ್ತ. ಅರಗಿನ ತಟ್ಟೆಯ ಗೀರು ಅಗಲವಾದುದರಿಂದ ಅದಕ್ಕೆ ಬೇಕಾದ ಮುಳ್ಳಿನ ಮೊನೆಯು ವಿನೈಲಿನದಕ್ಕಿಂತ ಸುಮಾರು ಮೂರು ಪಾಲು ದಪ್ಪವಾಗಿರಬೇಕು. ಸಣ್ಣ ಮೊನೆಯು ಗೀರಿನ ತಳದಲ್ಲಿ ಹೊರಳಾಡಿ ಕಸದ ಸದ್ದನ್ನೇ ಹೆಚ್ಚಾಗಿ ಎತ್ತುತ್ತದೆ.

ಆದುದರಿಂದ ಹಳೆಯ ತಟ್ಟೆಯೊಂದನ್ನು ನಕಲುಮಾಡಿ ಪ್ರಕಟಿಸುವವರು ಬಳಸಿದ ವೇಗವನ್ನೂ ಮುಳ್ಳಿನ ಅಳತೆಯನ್ನೂ ಜೊತೆಯಲ್ಲಿ ಬರೆದಿಡುವುದು ಯುಕ್ತ. ಕರಕರ ಸದ್ದನ್ನು ತೆಗೆದ ಪ್ರತಿಯ ಪಕ್ಕದಲ್ಲಿ ತೆಗೆಯದ ಪ್ರತಿಯನ್ನೂ ಉಳಿಸಬೇಕು. ಸದ್ದನ್ನು ಒರಸುವ ಭರದಲ್ಲಿ ಗಾಯಕನ ಉಸಿರೂ ಒರಸಿಹೋಗುವುದುಂಟು. ಅರಗು ಬಿದ್ದರೆ ಒಡೆಯುತ್ತದೆ, ಪ್ರತಿಸಲ ನುಡಿಸಿದಾಗಲೂ ಸವೆಯುತ್ತದೆ. ತಟ್ಟೆಗಳನ್ನು ಸಂಗ್ರಹಿಸುವ ಉತ್ಸಾಹದೊಡನೆ ಅವನ್ನು ಸರಿಯಾಗಿ ಓದುವ ಶ್ರಮವೂ ಸೇರಿದರೆ ಮಾತ್ರ ಈ ಪುನರುಜ್ಜೀವನವು ಸಂಗೀತಚರಿತ್ರೆಗೆ ಉಪಕಾರವಾದೀತು.