ಕತ್ತಿನ ನೆಟಿಗೆ ಬೇಡ, ಮಸಾಜ್ ಇರಲಿ

ನಮ್ಮ ಕಟಿಂಗ್ ಶಾಪುಗಳ ತಲೆ ಮಸಾಜಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಒಂದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಇನ್ನೊಂದನ್ನು ಇವತ್ತೇ ಬಿಡಬೇಕು ಎನ್ನುತ್ತೇನೆ.

ಮೊದಲನೆಯದು ಬೆರಳಿನ ಕೆಲಸ. ತಲೆಯ ತೂಕ ಸುಮಾರು ಐದು ಕಿಲೋ. ಮೊಬೈಲಿಗೋ ಲ್ಯಾಪ್‌ಟಾಪಿಗೋ ಬಗ್ಗಿ ಕೂತಷ್ಟೂ ಹೊತ್ತು ಆ ಭಾರವನ್ನು ಹಿಂಗತ್ತಿನ ಮತ್ತು ಭುಜದ ಸ್ನಾಯುಗಳೇ ಎಳೆದು ಹಿಡಿಯಬೇಕು. ಸಂಜೆಗೆ ಅವು ಹಗ್ಗದಂತೆ ಬಿಗಿದಿರುತ್ತವೆ. ಅನುಭವಿ ಕ್ಷೌರಿಕರ ಹೆಬ್ಬೆರಳು ಹೆಗಲು, ಕತ್ತು ಕೂಡುವ ಜಾಗದಲ್ಲಿ ಆ ಗಂಟನ್ನು ತಾನೇ ಹುಡುಕಿಕೊಂಡು ಹೋಗಿ ಒತ್ತುತ್ತದೆ. ಕಡಿಮೆ ದುಡ್ಡಿಗೆ ಸಿಗುವ ಇಷ್ಟು ಒಳ್ಳೆಯ ಉಪಚಾರ ಬೇರೆ ಎಲ್ಲಿದೆ?

ಎರಡನೆಯದು ಕೊನೆಯಲ್ಲಿ ಬರುತ್ತದೆ. ಒಂದು ಅಂಗೈ ಗಲ್ಲದಡಿ, ಇನ್ನೊಂದು ಹಿಂದಲೆಗೆ. ತಲೆಯನ್ನು ಒಂದೆರಡು ಸಲ ಮೆಲ್ಲಗೆ ಆಚೆ ಈಚೆ ತೂಗಿ, ಗಿರಾಕಿ ಮೈ ಸಡಿಲ ಬಿಟ್ಟದ್ದು ಕೈಗೆ ಗೊತ್ತಾದ ಕೂಡಲೇ ಒಂದು ಝಟ್ಕಾ. ಲಟಕ್! ಆಮೇಲೆ ಇನ್ನೊಂದು ಪಕ್ಕ. ಶಬ್ದ ಬಂದರೆ ಇಬ್ಬರಿಗೂ ತೃಪ್ತಿ. ಮೂಳೆ ಜಾಗಕ್ಕೆ ಕೂತಿತು ಎಂಬ ನಂಬಿಕೆ.

ಮೂಳೆ ಎಲ್ಲಿಗೂ ಹೋಗಿರಲಿಲ್ಲ. ಕೀಲಿನೊಳಗೆ ಜಾರಲು ಅನುಕೂಲವಾಗುವ ದ್ರವ ಇರುತ್ತದೆ. ಕೀಲನ್ನು ಎಳೆದಾಗ ಒತ್ತಡ ಥಟ್ಟನೆ ಇಳಿದು ಆ ದ್ರವದಲ್ಲಿ ಅನಿಲದ ಗುಳ್ಳೆ ಏಳುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳಿನ ನೆಟಿಗೆಯನ್ನು ಎಂಆರ್‌ಐ ಯಂತ್ರದೊಳಗೇ ತೆಗೆಸಿ, ಶಬ್ದವಾಗುವ ಹೊತ್ತಿಗೇ ಗುಳ್ಳೆ ಮೂಡುವುದನ್ನು ಚಿತ್ರಿಸಿ ತೋರಿಸಿದರು. ಒಮ್ಮೆ ತೆಗೆದ ನೆಟಿಗೆ ಸುಮಾರು ಇಪ್ಪತ್ತು ನಿಮಿಷ ಮತ್ತೆ ಬಾರದಿರುವುದೂ ಇದೇ ಕಾರಣಕ್ಕೆ. ಝಟ್ಕಾ ಆದ ಮೇಲೆ ಸ್ನಾಯು ಕೊಂಚ ಸಡಿಲವಾಗಿ ಹಾಯೆನಿಸುವುದು ನಿಜ. ಆದರೆ ಬಿಗಿತಕ್ಕೆ ಕಾರಣವಾದ ಕೂರುವ ಭಂಗಿ ಹಾಗೆಯೇ ಇರುವುದರಿಂದ ನೋವು ಮರಳಿ ಬರುತ್ತದೆ, ನಾವೂ ಮತ್ತೆ ಕುರ್ಚಿ ಏರುತ್ತೇವೆ.

ಬೆರಳಿನ ನೆಟಿಗೆಯಿಂದ ಏನೂ ಆಗುವುದಿಲ್ಲವಲ್ಲ ಎನ್ನುವವರಿದ್ದಾರೆ. ಅಮೆರಿಕದ ವೈದ್ಯ ಡೊನಾಲ್ಡ್ ಉಂಗರ್ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಎಡಗೈಯ ನೆಟಿಗೆ ಮಾತ್ರ ತೆಗೆದು, ಎರಡೂ ಕೈಯಲ್ಲಿ ಸಂಧಿವಾತದ ಸುಳಿವಿಲ್ಲ ಎಂದು ತೋರಿಸಿ 2009ರಲ್ಲಿ ಇಗ್ ನೊಬೆಲ್ ಪಡೆದರು. ಬೆರಳಿಗೆ ಆ ಮಾತು ಒಪ್ಪೋಣ. ಕತ್ತಿನ ಕಥೆ ಬೇರೆ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮಣಿಮೂಳೆಗಳ ಪಕ್ಕದ ತೂತುಗಳೊಳಗೇ ಹಾದು, ಮೇಲಿನ ಮೂಳೆಯ ಮೇಲೆ ಸುತ್ತು ಬಳಸಿ ತಲೆಬುರುಡೆ ಸೇರುತ್ತವೆ. ತಲೆ ಅತಿ ಹೆಚ್ಚು ತಿರುಗುವುದೂ ಅಲ್ಲೇ. ಝಟ್ಕಾಕ್ಕೆ ನಾಳದ ಒಳಪದರ ಸೀಳಿದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ನುಗ್ಗಬಹುದು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಸಲೂನಿನಲ್ಲಿ ಕತ್ತು ತಿರುಗಿಸಿಕೊಂಡ ಮೇಲೆ ಮಾತು ತೊದಲಿ, ಮೈಯ ಒಂದು ಪಕ್ಕ ಸೋತು ಆಸ್ಪತ್ರೆ ಸೇರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಇಂಥದ್ದು ಅಪರೂಪ, ಒಪ್ಪುತ್ತೇನೆ. ಆದರೆ ಒಂದು ಶಬ್ದದ ಸುಖಕ್ಕೆ ಪಾರ್ಶ್ವವಾಯುವಿನ ಅಪಾಯ ಯಾಕೆ?

ಬರೀ ಕತ್ತು ಹಿಡಿದಿದ್ದರೆ ಬಿಸಿನೀರಿನ ಶಾಖ, ನೋವಾಗದಷ್ಟು ನಿಧಾನದ ಚಲನೆ ಸಾಕು. ಬಹಳಷ್ಟು ಸಲ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೈ ಜೋಮು ಹಿಡಿದರೆ, ಬಲ ಕುಂದಿದರೆ, ಜ್ವರದ ಜೊತೆ ಕತ್ತು ಸೆಟೆದರೆ, ಕತ್ತು ತಿರುಗಿಸಿಕೊಂಡ ಮೇಲೆ ತಲೆಸುತ್ತು, ಮಾತು ತೊದಲುವುದು, ಹಿಂದೆಂದೂ ಕಾಣದ ತಲೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಝಟ್ಕಾದ ನಂತರದ ಲಕ್ಷಣಗಳು ಕೆಲವೊಮ್ಮೆ ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳುತ್ತವೆ.

ತಪ್ಪನ್ನು ಕ್ಷೌರಿಕರ ತಲೆಗೇ ಕಟ್ಟುವುದು ನ್ಯಾಯವಲ್ಲ. ನೆಟಿಗೆ ಬರದಿದ್ದರೆ ಮಸಾಜ್ ಅರ್ಧಕ್ಕೇ ನಿಂತಿತು ಎಂದು ಮುಖ ಸಿಂಡರಿಸುವ ಗಿರಾಕಿಗಳು ನಾವೇ. ಎಣ್ಣೆ ಹಾಕುವ ಮೊದಲೇ ‘ಅಣ್ಣಾ, ಕತ್ತು ತಿರುಗಿಸೋದು ಬೇಡ, ಆ ಹೊತ್ತು ಭುಜಕ್ಕೇ ಕೊಡಿ’ ಎಂದು ಹೇಳಿ ನೋಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.