ಒಂದು ಗಂಟೆಗೆ ಏಳು ವರ್ಷ

2014ರ ‘ಇಂಟರ್‌ಸ್ಟೆಲ್ಲರ್’ 2025ರ ಫೆಬ್ರುವರಿಯಲ್ಲಿ ಮತ್ತೆ ತೆರೆ ಕಂಡಾಗ ಬೆಂಗಳೂರಿನ ಇಂದಿರಾನಗರದ ದರ್ಶಿನಿಗಳಲ್ಲಿ, ಬೆಳಗಿನ ವಾಕಿಂಗ್ ಗುಂಪುಗಳಲ್ಲಿ ಐನ್‌ಸ್ಟೈನ್ ಹೆಸರು ಓಡಾಡಿತು. ಮಾತಿನ ಸಾರ ಮಾತ್ರ ಒಂದೇ: ಬೆಳಕಿನ ಹತ್ತಿರದ ವೇಗದಲ್ಲಿ ಹೋದವನಿಗೆ ವಯಸ್ಸೇ ಆಗುವುದಿಲ್ಲವಂತೆ. ಭೌತಶಾಸ್ತ್ರವನ್ನು ಎಸ್ಸೆಸ್ಸೆಲ್ಸಿಗೇ ಕೈಬಿಟ್ಟವರ ಬಾಯಲ್ಲೂ ಕಾಲದ ಮಾತು ಬರುವಂತೆ ಮಾಡಿದ್ದು ನಿರ್ದೇಶಕ ಕ್ರಿಸ್ಟೊಫರ್ ನೋಲನ್ ಸಾಧಿಸಿದ ದೊಡ್ಡ ಕೆಲಸ. ಆದರೆ ಆ ಮಾತಿನೊಳಗೆ ಕುತೂಹಲಕ್ಕಿಂತ ಆಯುಸ್ಸಿನ ಆಸೆಯೇ ಹೆಚ್ಚು. ಅದನ್ನು ತಿದ್ದುವ ಗೋಜಿಗೆ ಚಿತ್ರ ಹೋಗುವುದಿಲ್ಲ.

ಚಿತ್ರದ ಅತ್ಯುತ್ತಮ ಭಾಗ ನೀರೇ ತುಂಬಿದ ಗ್ರಹದ್ದು. ಅಲ್ಲಿ ಕಳೆದ ಒಂದು ಗಂಟೆ ಭೂಮಿಯ ಏಳು ವರ್ಷ. ಇದಕ್ಕೆ ಮುಖ್ಯ ಕಾರಣ ವೇಗವಲ್ಲ, ಪಕ್ಕದ ಕಪ್ಪುಕುಳಿಯ ಗುರುತ್ವ. ಇಷ್ಟು ದೊಡ್ಡ ಅಂತರ ಬರಬೇಕಾದರೆ ಆ ಕುಳಿ ತನ್ನ ಗರಿಷ್ಠ ಮಿತಿಗೆ ತೀರ ಸಮೀಪದ ವೇಗದಲ್ಲಿ ತಿರುಗುತ್ತಿರಬೇಕೆಂದು ಲೆಕ್ಕ ಹಾಕಿದವರು ಕಿಪ್ ಥಾರ್ನ್, 2017ರಲ್ಲಿ ನೊಬೆಲ್ ಪಡೆದವರು. ನಾಯಕ ಕೂಪರ್ ಮರಳಿ ಹಡಗು ಹತ್ತುವಾಗ 23 ವರ್ಷ ಸರಿದಿದೆ. ಮಕ್ಕಳು ಕಳಿಸಿದ ವಿಡಿಯೊಗಳನ್ನು ಒಂದರ ಹಿಂದೊಂದು ನೋಡುತ್ತ ಅಳುತ್ತಾನೆ. ವಿಜ್ಞಾನ ಇಲ್ಲಿ ಪಾಠದ ಧಾಟಿ ಬಿಟ್ಟು ಸಂಕಟವಾಗಿದೆ. ಸರಿ, ಅದೇ 23 ವರ್ಷ ಹಡಗಿನಲ್ಲಿ ಒಂಟಿಯಾಗಿ ಕಾದ ಸಹಯಾತ್ರಿ ರೊಮಿಲಿ? ಅವನಿಗೆ ಸಿಕ್ಕಿದ್ದು ನರೆತ ಗಡ್ಡ, ನಾಲ್ಕಾರು ಮಾತು. ಕಾಲದ ಭಾರ ಹೊತ್ತವನು ಅವನೇ ಎಂಬುದು ನೋಲನ್‌ಗೆ ಹೊಳೆದಂತಿಲ್ಲ.

ಇನ್ನು ಆಸೆಯ ವಿಷಯ. ನಮ್ಮ ತಲೆಯ ಮೇಲೆ ಸುಮಾರು 15 ಕಿ.ಮೀ. ಎತ್ತರದಲ್ಲಿ ವಿಶ್ವಕಿರಣಗಳು ವಾಯುಮಂಡಲಕ್ಕೆ ಅಪ್ಪಳಿಸಿ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಸೆಕೆಂಡನ್ನು ಹತ್ತು ಲಕ್ಷ ತುಂಡು ಮಾಡಿದರೆ ಅದರಲ್ಲಿ 2.2 ತುಂಡು ಅವುಗಳ ಸರಾಸರಿ ಆಯುಸ್ಸು. ಬೆಳಕಿನ ವೇಗದಲ್ಲೇ ಬಂದರೂ 660 ಮೀಟರ್ ದಾಟುವಷ್ಟರಲ್ಲಿ ಕಥೆ ಮುಗಿಯಬೇಕು. ಆದರೂ ಹಲಸೂರು ಕೆರೆಯ ಮೇಲೆ, ನೂರಡಿ ರಸ್ತೆಯ ಮೇಲೆ ಅವು ಎಡೆಬಿಡದೆ ಸುರಿಯುತ್ತಿವೆ. ನಮ್ಮ ಗಡಿಯಾರದ ಪ್ರಕಾರ ಅವುಗಳ ಕಾಲ ಹಿಗ್ಗಿದೆ. ಮ್ಯೂಆನ್ ಅನ್ನೇ ಕೇಳಿದರೆ, ಬಾಳಿದ್ದು ಅದೇ 2.2 ತುಂಡು, ಹಾದಿಯೇ ಕುಗ್ಗಿತ್ತು ಎಂದೀತು. ಅಂದರೆ ಧಾವಿಸಿ ಹೋದವನಿಗೆ ಒಂದು ಊಟವಾಗಲಿ ಒಂದು ನಿದ್ದೆಯಾಗಲಿ ಹೆಚ್ಚಿಗೆ ದಕ್ಕುವುದಿಲ್ಲ. ಇಂಥ ಕಣಗಳ ಆಯುಸ್ಸಿನ ಮೂಲಕ ಐನ್‌ಸ್ಟೈನ್ ಮಾತನ್ನು ಪರೀಕ್ಷಿಸಬಹುದೆಂದು 1938ರಲ್ಲೇ ಬರೆದವರು ಹೋಮಿ ಭಾಭಾ. ಮರುವರ್ಷ ರಜೆಗೆ ಬಂದವರನ್ನು ಯುದ್ಧ ಇಲ್ಲೇ ತಡೆಯಿತು; ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಸೇರಿ 1945ರವರೆಗೆ ವಿಶ್ವಕಿರಣಗಳ ಬೆನ್ನು ಹತ್ತಿದರು. 1941ರಲ್ಲಿ ಭೌತವಿಜ್ಞಾನಿಗಳಾದ ರೊಸ್ಸಿ ಮತ್ತು ಹಾಲ್ ಅಮೆರಿಕದ ಬೆಟ್ಟಗಳಲ್ಲಿ ಅಳೆದು ಆ ಊಹೆಯನ್ನು ಖಚಿತಪಡಿಸಿದರು. ಚಿತ್ರ ನೋಡಿ ಬೆರಗಾದವರಲ್ಲಿ ನಮ್ಮೂರಿನ ಈ ಕಥೆ ಬಲ್ಲವರು ನನಗಂತೂ ಸಿಗಲಿಲ್ಲ.

ಇಂದಿರಾನಗರದ ಮಟ್ಟಿಗೆ ಇನ್ನೂ ಸರಳ ಲೆಕ್ಕವಿದೆ. ನೇರಳೆ ಮಾರ್ಗದ ಮೆಟ್ರೊ ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡಿತೆಂದುಕೊಳ್ಳಿ (ಓಡುವುದಿಲ್ಲ, ಹಲಸೂರಿನಲ್ಲೇ ನಿಲ್ಲುತ್ತದೆ). ದಿನಕ್ಕೊಂದು ಗಂಟೆಯಂತೆ 30 ವರ್ಷ ಅದರಲ್ಲಿ ಕೂತವನಿಗೆ ಉಳಿಯುವುದು ಸೆಕೆಂಡಿನ ಕೋಟಿಯಲ್ಲೊಂದು ಪಾಲು. ಅವನ ಮನೆ ಎಂಟನೇ ಮಹಡಿಯಲ್ಲಿದ್ದರೆ ಅದೂ ಹೋಯಿತು. ನೆಲದಿಂದ ಸುಮಾರು 25 ಮೀಟರ್ ಮೇಲೆ ಗುರುತ್ವದ ಹಿಡಿತ ಸಡಿಲವಾಗಿ, ದಿನಕ್ಕೊಂದು ಗಂಟೆ ಮನೆಯಲ್ಲಿದ್ದರೂ ಗಡಿಯಾರ ಅಷ್ಟೇ ಮುಂದೋಡುತ್ತದೆ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಗಡಿಯಾರವನ್ನು 33 ಸೆಂ.ಮೀ. ಎತ್ತಿಯೇ ಈ ವ್ಯತ್ಯಾಸ ಅಳೆದಿದ್ದಾರೆ.

ಇಂಥ ಹರಟೆಯಲ್ಲಿ ಯಾರಾದರೊಬ್ಬರು ‘ಇದೆಲ್ಲ ನಮ್ಮ ಭಾಗವತದಲ್ಲೇ ಇದೆಯಲ್ರೀ’ ಎನ್ನುವುದು ಖಂಡಿತ. ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಂಧರ್ವರ ಗಾನ ಮುಗಿಯಲೆಂದು ಕಾದ. ಅಷ್ಟರಲ್ಲಿ 27 ಚತುರ್ಯುಗ ಕಳೆದಿತ್ತು. ಇದರಲ್ಲಿ ವೇಗದ ಪ್ರಸ್ತಾಪವೇ ಇಲ್ಲ. ವಿಜ್ಞಾನದ ಸಾಕ್ಷಿಯಾಗಿ ಎಳೆದು ತಂದರೆ ಕಥೆಗೇ ಅನ್ಯಾಯ. ಕಥೆಯಾಗಿಯೇ ಓದಿದರೆ ನೋಲನ್‌ಗಿಂತ ಬಿಗಿ: ರಾಜ ಮನಸ್ಸಿನಲ್ಲಿಟ್ಟುಕೊಂಡ ವರಗಳಿರಲಿ, ಅವರ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ. ಮಗಳನ್ನು ಬಲರಾಮನಿಗೆ ಕೊಟ್ಟು ರಾಜ ಬದರಿಗೆ ತಪಸ್ಸಿಗೆ ಹೊರಡುತ್ತಾನೆ. ಗುರುತಿನವರೇ ಇಲ್ಲದ ಲೋಕ, ಹೊರಟಿದ್ದು ಸರಿ. ಕೂಪರ್ ಕೂಡ ಸಾವಿನಂಚಿನ ಮುದುಕಿ ಮಗಳನ್ನು ಎರಡು ನಿಮಿಷ ಮಾತಾಡಿಸಿ ಇನ್ನೊಂದು ನೌಕೆ ಹತ್ತುತ್ತಾನೆ. ಅವಳ ಮಕ್ಕಳು ಮೊಮ್ಮಕ್ಕಳೆಲ್ಲ ಅದೇ ಕೋಣೆಯಲ್ಲಿ ನಿಂತಿದ್ದರು. 169 ನಿಮಿಷದ ಚಿತ್ರದಲ್ಲಿ ಅವರಲ್ಲಿ ಒಬ್ಬರ ಹೆಸರನ್ನೂ ಅವನು ಕೇಳುವುದಿಲ್ಲ.