ವೀರಭದ್ರನ ಕಾಲಬಳಿಯ ಟಗರುದಲೆ

ನಿಂಬರ್ಗಾ, ಆಳಂದ, ಅಫಜಲಪುರ, ಜೇವರ್ಗಿಗಳನ್ನೊಳಗೊಂಡ ಕಲಬುರಗಿ ಸೀಮೆಯಲ್ಲಿ ವೀರಭದ್ರನಿಗೆ ನಡೆದುಕೊಳ್ಳುವ ಮನೆತನಗಳುಂಟು. ಅಂಥ ಮನೆಗಳ ಜಗಲಿಯ ಮೇಲೆ, ಅಂದರೆ ದೇವರನ್ನಿಟ್ಟು ಪೂಜಿಸುವ ಕಟ್ಟೆಯ ಮೇಲೆ, ಅಂಗೈಯಗಲದ ಹಿತ್ತಾಳೆ ಫಲಕವೊಂದು ಕಾಣಸಿಗುವುದುಂಟು. ಹುರಿಮೀಸೆ, ರುಂಡಮಾಲೆ, ಎತ್ತಿದ ಖಡ್ಗ, ಬಿಲ್ಲು, ಬಾಣ, ಗುರಾಣಿಗಳಿಂದ ಫಲಕದ ತುಂಬ ನಿಂತ ವೀರಭದ್ರನ ಕಾಲಬಳಿ ಪುಟ್ಟ ಆಕೃತಿಯೊಂದು ಕೈಮುಗಿದು ನಿಂತಿರುತ್ತದೆ. ಅದಕ್ಕೆ ಮನುಷ್ಯನ ಮೈ, ಟಗರಿನ ತಲೆ. ಶಿವನನ್ನು ಹಳಿದು ಯಜ್ಞ ಹೂಡಿ, ಮಗಳು ಸತಿಯ ಸಾವಿಗೆ ಕಾರಣನಾಗಿ, ವೀರಭದ್ರನಿಂದ ತಲೆ ಕಳೆದುಕೊಂಡು, ಕಡೆಗೆ ಶಿವನ ಕರುಣೆಯಿಂದಲೇ ಟಗರಿನ ತಲೆ ಪಡೆದು ಬದುಕಿದ ದಕ್ಷಬ್ರಹ್ಮ ಅವನು. ಕಡಿದದ್ದನ್ನೂ ಬದುಕಿಸಿದ್ದನ್ನೂ ಅಷ್ಟು ಚಿಕ್ಕ ಜಾಗದಲ್ಲಿ ಒಟ್ಟಿಗೆ ಹಿಡಿದಿಟ್ಟ ಕಂಚುಗಾರನ ಜಾಣ್ಮೆ ದೊಡ್ಡದು. ಟಗರುದಲೆಯನ್ನು ಗುರುತಿಸದವರಿಗೆ ಅಲ್ಲಿ ಕಾಣುವುದು ಉಗ್ರತೆ ಮಾತ್ರ.

ಇದೇ ಕಥೆಯನ್ನು ಜಾತ್ರೆಗಳಲ್ಲಿ ವೀರಭದ್ರನ ಸೇವೆಗೆ ನಿಂತ ಪುರವಂತರು ಒಡಪುಗಳಲ್ಲಿ, ಅಂದರೆ ಆವೇಶದ ಏರುದನಿಯಲ್ಲಿ ಒಪ್ಪಿಸುವ ನುಡಿಗಳಲ್ಲಿ, ಹೇಳುತ್ತ ಕೆನ್ನೆ, ನಾಲಿಗೆಗಳಿಗೆ ಶಸ್ತ್ರ ಹಾಕಿಕೊಳ್ಳುತ್ತಾರೆ. ಹೊಸಬರು ಮುಖ ತಿರುಗಿಸುವ ಆ ಗಳಿಗೆಯಲ್ಲೇ ಹರಕೆ ಹೊತ್ತವರು ತಾವಾಗಿ ಮುಂದೆ ಬರುತ್ತಾರೆ.

ಕನ್ನಡ ನಾಡಿನ ಶಿಲ್ಪಿಗಳೆಲ್ಲ ಉಗ್ರತೆಯನ್ನು ಒಂದೇ ಬಗೆಯಲ್ಲಿ ಕಂಡವರಲ್ಲ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ನರಸಿಂಹನು ಶಾಂತನಾಗಿ ನಿಂತಿದ್ದರೆ, 12ನೆಯ ಶತಮಾನದ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಹಿರಣ್ಯಕಶಿಪುವಿನ ಕರುಳನ್ನೇ ಹೊರಗೆಳೆದಿದ್ದಾನೆ.

ಪರದೇಶದವರು ಇಂಥ ಮೂರ್ತಿಗಳನ್ನು ಕಂಡ ಬಗೆ ಬೇರೆ. ಇಟಲಿಯ ಪ್ರವಾಸಿ ಲುದೊವಿಕೊ ದಿ ವರ್ತೆಮಾ 1510ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಕಲ್ಲಿಕೋಟೆಯ ದೇವರನ್ನು ಸೈತಾನನೆಂದೇ ವರ್ಣಿಸಿದ. 1515ರ ಜರ್ಮನ್ ಆವೃತ್ತಿಗೆ ಯೋರ್ಗ್ ಬ್ರಾಯ್ ಎಂಬ ಚಿತ್ರಕಾರ ಅದನ್ನು ನರಕದ ಭೂತದಂತೆ ಬರೆದುಕೊಟ್ಟ. ಆಶ್ಚರ್ಯವೆಂದರೆ, ಅದೇ ವರ್ಷಗಳಲ್ಲಿ, 1512ರಿಂದ 1516ರೊಳಗೆ, ಗ್ರೂನೆವಾಲ್ಡ್ ಎಂಬ ಜರ್ಮನ್ ಕಲಾವಿದ ಈಸೆನ್‌ಹೈಮಿನ ಮಠಕ್ಕಾಗಿ ಮೈತುಂಬ ಹುಣ್ಣೆದ್ದು, ಬೆರಳು ಸೆಟೆದು ಶಿಲುಬೆಯಲ್ಲಿ ಜೋತ ಯೇಸುವನ್ನು ಚಿತ್ರಿಸುತ್ತಿದ್ದ. ಕೆಟ್ಟ ಧಾನ್ಯ ತಿಂದು ಕೈಕಾಲು ಕೊಳೆಯುವ ಬೇನೆಗೆ ಆ ಮಠದಲ್ಲಿ ಆರೈಕೆ ನಡೆಯುತ್ತಿತ್ತು. ರೋಗಿಗಳು ಆ ಹುಣ್ಣುಗಳಲ್ಲಿ ತಮ್ಮ ನೋವನ್ನೇ ಕಂಡು ಸಮಾಧಾನ ಪಡೆಯಲೆಂಬುದು ಚಿತ್ರದ ಉದ್ದೇಶವೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಕಥೆಯ ಕೊನೆ, ಅಂದರೆ ಯೇಸುವಿನ ಪುನರುತ್ಥಾನ, ಬಾಗಿಲಿನಂತೆ ತೆರೆಯುವ ಒಳಫಲಕದಲ್ಲಿದೆ. ಕಲಬುರಗಿಯ ಫಲಕದಲ್ಲಿ ಅದು ದೇವರ ಕಾಲಬಳಿಯೇ ನಿಂತಿದೆ.

ವೀರಭದ್ರನ ಹಳೆಯ ಫಲಕಗಳು ಈಗ ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲೂ ಇವೆ. ಅಲ್ಲಿ ಗಾಜಿನೊಳಗೆ ಅವುಗಳ ಗೆರೆಗಳು ಇನ್ನು ಸವೆಯುವುದಿಲ್ಲ. ಜಗಲಿಯ ಮೇಲಿನ ಫಲಕವನ್ನಾದರೋ ಹಬ್ಬಹಬ್ಬಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ತಲೆಮಾರುಗಳ ಕೈಗಳಲ್ಲಿ ಸವೆದು ಮೀಸೆಯ ಹುರಿ, ರುಂಡಮಾಲೆ, ಖಡ್ಗದ ಮೊನೆ ಎಲ್ಲವೂ ನುಣುಪಾಗಿ, ಬೆರಳಾಡಿಸಿದರೆ ಟಗರಿನ ಕೊಂಬಿನ ಉಬ್ಬು ಮಾತ್ರ ತುಸು ತಗಲುತ್ತದೆ.